ಒತ್ತಬೇಡ ಎಂದವಳು ನಾನೇ

ಮೊಮ್ಮಕ್ಕಳೇ, ಸಹನಾ, ಪ್ರಣವ — ಸಹನಾ ಮಾಡಿದ ಮೊದಲ ರೊಟ್ಟಿ ಆ್ಯಪನ್ನು ಯಾರೂ ತೆರೆಯದಂತೆ ಮಾಡಿದವಳು ನಾನು. ಇದಾಗಿ ನಾಲ್ಕು ವರ್ಷವಾಯಿತು. ಎದುರು ಕೂತು ಹೇಳಲು ಬಾಯಿ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕೋಠಿ ಬಡಾವಣೆಯ ನಮ್ಮ ಓಣಿಯಲ್ಲಿ ಕಲಬುರಗಿ, ರಾಯಚೂರು ಕಡೆಯ ಏಳು ಹೆಣ್ಣುಮಕ್ಕಳು ಜೋಳದ ರೊಟ್ಟಿ ಬಡಿದು ಮನೆಮನೆಗೆ ಕೊಡುತ್ತಾರಲ್ಲ, ಯಾವ ಮನೆಗೆ ಎಷ್ಟು ಎಂಬ ಪಟ್ಟಿ ನನ್ನ ಹತ್ತಿರ ಇರುತ್ತಿತ್ತು. ದಿನಾ ಮಧ್ಯಾಹ್ನ ಬಂದು ಕೇಳುವರು, ಚಹಾ ಕುಡಿಯುವರು. ನಿಮ್ಮ ಅಜ್ಜ ಹೋದ ಮೇಲೆ ನನ್ನನ್ನು ಹುಡುಕಿಕೊಂಡು ಬರುತ್ತಿದ್ದವರು ಅವರೇ.

ಸಹನಾ, ಅವರ ಫೋನುಗಳಲ್ಲಿ ಜಾಗವಿರುವುದಿಲ್ಲವೆಂದು ನೀನು ಆ ಪಟ್ಟಿಯನ್ನು ಕನ್ನಡದಲ್ಲೇ ವೆಬ್ ಆ್ಯಪ್ ಮಾಡಿದೆ. ಆ್ಯಪ್ ಸ್ಟೋರಿನಿಂದ ಇಳಿಸಿಕೊಳ್ಳಬೇಕಿಲ್ಲ, ಲಿಂಕ್ ಒತ್ತಿ ಹೋಮ್ ಸ್ಕ್ರೀನಿಗೆ ಸೇರಿಸಿಕೊಂಡರೆ ಸಾಕು, ನೆಟ್ ಹೋದರೂ ಪಟ್ಟಿ ಕಾಣುತ್ತದೆ — ಎಂದು ನನಗೆ ಮೂರು ಸಲ ತಿಳಿಸಿ ಹೇಳಿ, ಲಿಂಕನ್ನು ಅವರೆಲ್ಲರ ಫೋನಿಗೆ ಕಳಿಸಿದೆ. ನನಗೆ ಅರ್ಥವಾಗಿತ್ತು. ಅರ್ಥವಾದದ್ದಕ್ಕೇ —

ಮರುದಿನ ಆ ಏಳು ಮಂದಿಯಲ್ಲೊಬ್ಬಳಾದ ರೊಟ್ಟಿ ಶಿವಮ್ಮ ಫೋನ್ ಹಿಡಿದು ಬಂದಳು.

"ಇದನ್ನ ಒತ್ತಲೇನ್ರಿ, ಅಮ್ಮಾರ?"

"ಒತ್ತಬ್ಯಾಡವ್ವ. ಸ್ಟೋರಿನ್ಯಾಗಿಂದ ಬಂದದ್ದಲ್ಲ ಅದು. ಲಿಂಕ್ ಒತ್ತಿದ್ರ ಏನೇನೋ ಆಗ್ತೈತಂತ."

"ನಿಮ್ಮ ಮೊಮ್ಮಗಳೇ ಮಾಡ್ಯಾಳಲ್ರಿ, ನಮ್ಮನ್ನ ಮುಳುಗಸ್ತಾಳೇನು?" ಎಂದು ನಕ್ಕಳು.

"ಹುಡುಗಾಟಕ್ಕ ಮಾಡ್ಯಾಳ, ಬಿಡು."

ಅಷ್ಟೇ. ಮಾತು ಓಣಿಯೆಲ್ಲ ಹಬ್ಬಿತು.

ಸಿಕ್ಕ ಲಿಂಕನ್ನು ಒತ್ತಬಾರದೆಂದು ನನಗೆ ಕಲಿಸಿದವರು ನೀವೇ, ನಿಜ. ಆದರೆ ಆ ದಿನ ನನಗಿದ್ದದ್ದು ಆ ಭಯವಲ್ಲ. ಪಟ್ಟಿ ಅವರ ಫೋನಿನಲ್ಲೇ ಕಂಡರೆ ನನ್ನ ಬಾಗಿಲಿಗೆ ಯಾಕೆ ಬಂದಾರು —

ಹದಿನೈದು ದಿನ ಕಾದು ನೀನು ಅಂದೆ: "ಒಬ್ಬರೂ ತಗದು ನೋಡಿಲ್ಲಜ್ಜಿ. ನನಗ ಇದೆಲ್ಲ ಬರಂಗಿಲ್ಲ." ನಾನು ನಿನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಹಚ್ಚಿ ಮುಗಿಸಿ ಜಡೆ ಹೆಣೆದೆ.

ಆಮೇಲೆ ಪ್ರಣವನ ಮಾತಿನಂತೆ ಸ್ಟೋರಿಗೆ ಹಾಕುವ ಆ್ಯಪನ್ನು ಹೊಸದಾಗಿ ಮಾಡಿದಿರಿ. ಜಾಗ ಸಾಲದೆ ಶಿವಮ್ಮ ತನ್ನ ಮಗಳ ಮದುವೆಯ ಫೋಟೊಗಳನ್ನು ಅಳಿಸಿ ಅದನ್ನು ಇಳಿಸಿಕೊಂಡಳು. ಉಳಿದವರು ಅಳಿಸಲಾರದೆ ಮೊದಲಿನಂತೆ ನನ್ನ ಹತ್ತಿರವೇ ಬಂದರು. ನಾನು ಸಂತೋಷದಿಂದ ಚಹಾ ಕಾಸಿದೆ. ನೀನು ಮಾತ್ರ, ಸಹನಾ, ಅಲ್ಲಿಂದೀಚೆಗೆ ನಿನ್ನ ಮನಸ್ಸಿಗೆ ತೋಚಿದ್ದನ್ನು ಏನೂ ಮಾಡಲಿಲ್ಲ.

ನಿನ್ನ ಕೆಲಸ ಕೆಟ್ಟಿರಲಿಲ್ಲ, ಮಗಳೇ. ಅದನ್ನು ಯಾರೂ ನೋಡಿಯೇ ಇರಲಿಲ್ಲ. ನಾಳೆ ಶಿವಮ್ಮನಿಗೂ ಇದನ್ನು ಹೇಳುತ್ತೇನೆ. ಅವಳ ಫೋಟೊಗಳಂತೂ ಮರಳಿ ಬರುವುದಿಲ್ಲ.

ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಇನ್ನೊಮ್ಮೆ ಎಂದಾದರೂ ಸಹನಾ ತನಗೆ ಬರುವುದಿಲ್ಲ ಎಂದರೆ, ಪ್ರಣವ, ಇವನ್ನು ತೆಗೆದು ಅವಳಿಗೆ ಓದಿ ಹೇಳು.