ಉತ್ತಮ ಹೇಳಿದ ಸುಳ್ಳು

ಬೇಡಕಿಹಾಳದ ಉತ್ತಮ ಚಿಕ್ಕೋಡಿಯಲ್ಲಿ ಬಿ.ಕಾಂ. ಕೊನೆಯ ವರ್ಷ ಓದುತ್ತಿದ್ದ. ತನ್ನೂರಿನವನೇ ಆದ ಪಾರಿಸ ಮತ್ತು ಇನ್ನಿಬ್ಬರ ಜೊತೆ ಬಾಡಿಗೆ ಖೋಲಿಯಲ್ಲಿದ್ದ. ತೆಳ್ಳಗಿನ ಮೈ, ಸಣ್ಣ ದನಿ. ಅದಕ್ಕೇ ಗೆಳೆಯರು ಅವನನ್ನು ‘ವೈನಿ’ ಅನ್ನುತ್ತಿದ್ದರು, ಅಣ್ಣನ ಹೆಂಡತಿಯನ್ನು ಕರೆದ ಹಾಗೆ.

ಅವನ ತರಗತಿಯ ಕಾಜಲ ನಿಪ್ಪಾಣಿಯಿಂದ ಬಸ್ಸಿಗೆ ಬರುತ್ತಿದ್ದಳು. ತಾಯಿ ಲಕ್ಷ್ಮಿಬಾಯಿ ಬೀಡಿ ಕಟ್ಟಿ ಅವಳನ್ನು ಓದಿಸುತ್ತಿದ್ದಳು. ಉತ್ತಮನಿಗೂ ಕಾಜಲಳಿಗೂ ಒಬ್ಬರ ಮೇಲೊಬ್ಬರಿಗೆ ಮನಸ್ಸಾಗಿತ್ತು. ಒಂದು ಮಧ್ಯಾಹ್ನ ಅವಳು ನೋಟ್ಸಿಗೆ ಬರುತ್ತಾಳೆಂದು ತಿಳಿದ ಗೆಳೆಯರು ಬೇಕೆಂದೇ ಖೋಲಿ ಖಾಲಿ ಮಾಡಿಕೊಟ್ಟರು. ಉತ್ತಮ ಅವಳ ಕೈ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ. ಇನ್ನೂ ಹತ್ತಿರ ಸರಿದಾಗ ಬ್ಯಾಡ ಅಂದಳು. ಅವನು ಕೈ ಬಿಟ್ಟ, ಎದ್ದು ಬಾಗಿಲು ತೆರೆದಿಟ್ಟ, ಚಹಾ ಮಾಡಿದ. ಆಮೇಲೆ ಬಸ್‌ಸ್ಟ್ಯಾಂಡಿನ ತನಕ ಬಿಟ್ಟು ಬಂದ.

ಕಾದು ಕೂತಿದ್ದ ಗೆಳೆಯರಿಗೆ ನಡೆದದ್ದನ್ನು ನಡೆದಂತೆ ಹೇಳಿದ. ಖೋಲಿಗೆ ಬಂದವಳು ಬ್ಯಾಡ ಅಂದರೆ ಅದು ಬರೇ ಬಾಯಿಮಾತು, ಗಂಡಸಾದವನಿಗೆ ಇಷ್ಟೂ ತಿಳಿಯಬಾರದೇ ಎಂದು ಪಾರಿಸ ಹಂಗಿಸಿದ. ಮರುದಿನ ಇಡೀ ಕ್ಲಾಸಿಗೆ ಗೊತ್ತಾಯಿತು. ಯಾರೋ ಅವನ ಹಾಸಿಗೆಯ ಮೇಲೆ ಹಸಿರು ಬಳೆ ಇಟ್ಟುಹೋದರು. ಉತ್ತಮ ಬಹಳ ದಿನ ತಡೆದುಕೊಂಡ. ಒಂದು ಸಂಜೆ ಚಹಾದಂಗಡಿಯಲ್ಲಿ ಎಲ್ಲರೂ ನಗುತ್ತಿದ್ದಾಗ ತಡೆಯಲಾಗಲಿಲ್ಲ.

“ಎಲ್ಲಾ ಆಗೇತಿ. ಅಕಿ ಹೆಸರ ಕೆಡಬಾರದಂತ ಸುಮ್ಮನಿದ್ದೆ.”

ಪಾರಿಸ ಬೆನ್ನು ತಟ್ಟಿದ. ಉತ್ತಮನಿಗೆ ಎದೆ ಹಗುರಾಯಿತು.

ಮಾತು ನಿಪ್ಪಾಣಿ ಮುಟ್ಟಲು ತಡವಾಗಲಿಲ್ಲ. ಕಾಜಲಳ ಅಣ್ಣ ಅವಳನ್ನು ಹೊಡೆದ, ಮೊಬೈಲು ಕಸಿದುಕೊಂಡ, ಕಾಲೇಜು ಬಿಡಿಸಿದ. ಸುದ್ದಿ ಕೇಳಿ ಉತ್ತಮ ಅವರ ಮನೆಗೆ ಹೋದ. ಅಣ್ಣ ಇರಲಿಲ್ಲ. ಲಕ್ಷ್ಮಿಬಾಯಿ ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಏನೂ ನಡೆದಿಲ್ಲ, ತಾನು ಸುಳ್ಳು ಹೇಳಿದೆ ಎಂದ. ಮಗಳೂ ಅದನ್ನೇ ಹೇಳಿದಳು, ಯಾರು ಕೇಳಿದರು ಎಂದು ಆಕೆ ತಲೆಯೆತ್ತದೆ ಅಂದಳು.

ಕಾಜಲ ಬಂದು ಬಾಗಿಲಲ್ಲಿ ನಿಂತಳು. ಹುಬ್ಬಿನ ಮೇಲಿನ ಗಾಯ ಇನ್ನೂ ಹಸಿಯಾಗಿತ್ತು.

“ನಾ ಬ್ಯಾಡ ಅಂದೆ, ನೀ ಕೈ ಬಿಟ್ಟಿ. ಅಷ್ಟ ಹೇಳಾಕ ನಿನಗ ನಾಚಿಕಿ ಯಾಕ ಬಂತು?”

“ಎಲ್ಲಾರೂ ನಗತಿದ್ರು,” ಅಂದ ಉತ್ತಮ.

ಅವಳು ಒಳಗೆ ಹೋದಳು.

ಅವನು ಚಿಕ್ಕೋಡಿಗೆ ಮರಳಿ, ಕ್ಲಾಸಿನಲ್ಲಿ ಎದ್ದು ನಿಂತು ನಿಜ ಹೇಳಿದ. ಹುಡುಗಿಯ ಅಣ್ಣನಿಗೆ ಹೆದರಿದ್ದಾನೆ ಎಂದು ಪಾರಿಸ ಅಂದ. ಎಲ್ಲರೂ ನಂಬಿದ್ದು ಪಾರಿಸನನ್ನೇ. ಬಡಾಯಿಗೆ ಯಾರೂ ಕೇಳದ ಸಾಕ್ಷಿಯನ್ನು ನಿಜಕ್ಕೆ ಕೇಳಿದರು. ಪರೀಕ್ಷೆಗೆ ಮೊದಲೇ ಕಾಜಲಳನ್ನು ರಾಯಬಾಗದ ಕಡೆ, ಹೆಂಡತಿ ಸತ್ತ ಒಬ್ಬನಿಗೆ ಕೊಟ್ಟು ಮದುವೆ ಮಾಡಿದರು.

ಉತ್ತಮ ಪಾಸಾದ. ಈಗ ಊರಲ್ಲಿ ತಂದೆಯ ಗೊಬ್ಬರದಂಗಡಿ ನೋಡಿಕೊಳ್ಳುತ್ತಾನೆ. ಮದುವೆಮನೆಗಳಲ್ಲಿ ಸಿಕ್ಕ ಹಳೆಯ ಗೆಳೆಯರು ಹೆಗಲ ಮೇಲೆ ಕೈಹಾಕಿ, ಗೊತ್ತಿಲ್ಲದವರಿಗೆ ಅವನ ಪರಾಕ್ರಮ ಹೇಳುತ್ತಾರೆ. ಹಂಗಲ್ಲ, ಏನೂ ಆಗಿರಲಿಲ್ಲ ಎಂದು ಅವನು ಪ್ರತಿ ಸಲವೂ ಹೇಳುತ್ತಾನೆ. ಕೇಳಿದವರು ಅದನ್ನು ವಿನಯ ಅಂದುಕೊಳ್ಳುತ್ತಾರೆ.