ಎರಡು ಗಡಿಯಾರದ ಮೂಸಾ ಮಣಿಕು

ಮೂಸಾ ಮಣಿಕುವಿನ ಎಡಗೈಯಲ್ಲಿ ಎರಡು ಗಡಿಯಾರಗಳಿವೆ. ಮೇಲಿನದು ರಾಜಧಾನಿ ಮಾಲೆಯ ಸಮಯ, ಕೆಳಗಿನದು ಫೆಹಿವಿಲು ರೆಸಾರ್ಟಿನ ಸಮಯ. ನಮ್ಮಲ್ಲಿ ರೆಸಾರ್ಟಿನ ದ್ವೀಪಗಳು ಮಾಲೆಗಿಂತ ಒಂದು ಗಂಟೆ ಮುಂದೆ ಗಡಿಯಾರ ಇಟ್ಟುಕೊಳ್ಳುತ್ತವೆ. ಅತಿಥಿಗಳಿಗೆ ಸಂಜೆಯ ಬೆಳಕು ಇನ್ನಷ್ಟು ಸಿಗಲಿ ಎಂದು ಯಾರೋ ಮಾಡಿದ ಏರ್ಪಾಡು. ವಿಮಾನ ನಿಲ್ದಾಣದಿಂದ ಫೆಹಿವಿಲುವಿಗೆ ಮೂವತ್ತೈದು ನಿಮಿಷದ ದಾರಿ. ಇಳಿದು ಅಲ್ಲಿಯ ಗಡಿಯಾರ ನೋಡಿದರೆ ತೊಂಬತ್ತೈದು ನಿಮಿಷ ಕಳೆದಿರುತ್ತದೆ. ಬೇರೆ ದೋಣಿಯವರು ಇದನ್ನು ತಲೆಯಲ್ಲೇ ಕೂಡಿ ಕಳೆದು ನಿಭಾಯಿಸುತ್ತಾರೆ. ಮೂಸಾ ತನ್ನ ತಲೆಯನ್ನೂ ನಂಬುವವನಲ್ಲ.

ನಾನು ಅವನ ಸ್ಪೀಡ್‌ಬೋಟಿನ ಇಂಜಿನ್ ನೋಡಿಕೊಳ್ಳುವವನು. ಅವನ ಹೆಂಡತಿ ಜುಬೈದಾ ನನ್ನ ಅಕ್ಕ. ಹತ್ತೊಂಬತ್ತು ವರ್ಷದಿಂದ ನಾನು ಅವನನ್ನು ಬೇಬೆ ಎಂದು, ಅಣ್ಣನಿಗೆ ಸಲ್ಲುವ ಮರ್ಯಾದೆಯಲ್ಲೇ ಕರೆಯುತ್ತಿದ್ದೇನೆ. ಹತ್ತೊಂಬತ್ತು ವರ್ಷದಿಂದ ಅವನು ದಿನಾ ಬೆಳಿಗ್ಗೆ ನಾನು ತುಂಬಿಸಿದ ಪೆಟ್ರೋಲ್ ಟ್ಯಾಂಕಿಗೆ ಕಡ್ಡಿ ಅದ್ದಿ ನೋಡುತ್ತಿದ್ದಾನೆ. ನನಗೆ ಬೇಸರವಿಲ್ಲ. ಮದುವೆಯ ದಿನ ನಿಕಾಹ್ ಬರೆಯಲು ಬಂದ ಅಧಿಕಾರಿಯ ಗುರುತಿನ ಚೀಟಿಯನ್ನೇ ಕೇಳಿದವನು ಅವನು. ಆ ಅಧಿಕಾರಿ ಅವನದೇ ದ್ವೀಪದವರು, ಚಿಕ್ಕಂದಿನಲ್ಲಿ ಅವನಿಗೆ ಅಕ್ಷರ ಕಲಿಸಿದವರು.

ಇಷ್ಟೊಂದು ಅನುಮಾನ ಹೊತ್ತು ತಿರುಗುವವನಿಗೆ ಅದಕ್ಕೆ ತಕ್ಕ ಗತ್ತೂ ಬೇಕಲ್ಲ. ಮೂಸಾ ಬಿಳಿ ಅಂಗಿಯ ಹೆಗಲಿಗೆ ನಾಲ್ಕು ಚಿನ್ನದ ಬಣ್ಣದ ಪಟ್ಟಿ ಹೊಲಿಸಿಕೊಂಡಿದ್ದಾನೆ. ಅವನ್ನು ಯಾರೂ ಕೊಟ್ಟದ್ದಲ್ಲ. ವಿಮಾನದ ಕ್ಯಾಪ್ಟನ್ನರಿಗೆ ನಾಲ್ಕಿರುತ್ತವೆ, ತಾನೂ ಜನರ ಜೀವ ಹೊತ್ತೊಯ್ಯುವವನು ಎಂಬುದು ಅವನ ಲೆಕ್ಕ. ದರ್ಜಿ ಐದು ಹಾಕಲೇ ಎಂದು ಕೇಳಿದಾಗ ಮಾತ್ರ ಬೇಡವೆಂದ. ದರ್ಜಿ ತಮಾಷೆ ಮಾಡಿದನೋ ಏನೋ ಎಂದು ಆಮೇಲೆ ವಾರಗಟ್ಟಲೆ ಯೋಚಿಸಿದ.

ಅವನ ಹಲಗೆಯ ವಿಷಯ ಹೇಳಲೇಬೇಕು. ನಿಲ್ದಾಣದ ಹೊರಗೆ ನಿಲ್ಲುವವರೆಲ್ಲ ಹಲಗೆಯ ಮೇಲೆ ಅತಿಥಿಯ ಹೆಸರು ಬರೆದು ಹಿಡಿಯುತ್ತಾರೆ. ಆರು ವರ್ಷದ ಹಿಂದೆ ಯಾವನೋ ದೋಣಿಯವನು ಮೂಸಾನ ಹಲಗೆಯಲ್ಲಿದ್ದ ಹೆಸರನ್ನು ತನ್ನ ಹಲಗೆಗೆ ಇಳಿಸಿಕೊಂಡು, ಎರಡು ಹೆಜ್ಜೆ ಮುಂದೆ ನಿಂತು, ಒಂದು ಜೋಡಿಯನ್ನು ಹಾರಿಸಿಕೊಂಡು ಹೋಗಿದ್ದ. ಅಂದಿನಿಂದ ಮೂಸಾನ ಹಲಗೆಯಲ್ಲಿ ಫೆಹಿವಿಲು ಎಂದಷ್ಟೇ ಇರುತ್ತದೆ. ಅತಿಥಿಯ ಹೆಸರು ನಾಲ್ಕು ಮಡಿಕೆ ಕಾಗದದಲ್ಲಿ, ಅಂಗಿಯ ಒಳಜೇಬಿನಲ್ಲಿ.

ಈ ಸಲ ಮಳೆಗಾಲ ಮುಗಿಯುವ ಹೊತ್ತಿಗೆ ಫೆಹಿವಿಲುವಿನ ಜೊತೆಗಿನ ವರ್ಷದ ಒಪ್ಪಂದವೂ ಮುಗಿಯುತ್ತಿತ್ತು. ಎರಡು ಹೊಸ ದೋಣಿಗಳಿದ್ದ ಒಂದು ಕಂಪನಿ ಆ ಕೆಲಸದ ಮೇಲೆ ಕಣ್ಣಿಟ್ಟಿತ್ತು. ರೆಸಾರ್ಟಿನ ಮ್ಯಾನೇಜರ್ ಹವ್ವಾ ಶಿಯೂನಾ, ಈ ವಾರ ಯೋಚಿಸಿ ಹೇಳುತ್ತೇನೆ ಎಂದಿದ್ದಳು. ಒಪ್ಪಂದ ಕೈತಪ್ಪಿದರೆ ನಮ್ಮ ದೋಣಿ ದಡದಲ್ಲಿ ಕಟ್ಟಿಕೊಂಡೇ ಇರಬೇಕಾಗಿತ್ತು, ಅದರ ಪಕ್ಕದಲ್ಲಿ ನಾನೂ. ಆಗ ಬಂತು ಆ ಬುಕಿಂಗ್: ಸೋಮವಾರ, ಖಾಸಗಿ ದೋಣಿ, ಅತಿಥಿ ಒಬ್ಬರು, ಹೆಸರು ಹೋಲ್ಟ್ಸರ್, ಸಂಜೆ ಐದು, ಮಾಲೆ ಸಮಯ.

ಬೇರೆ ಯಾರಾದರೂ ಇದನ್ನು ಓದಿ ಫೋನು ಜೇಬಿಗಿಟ್ಟುಕೊಳ್ಳುತ್ತಿದ್ದರು. ಮೂಸಾ ಚಹಾದಂಗಡಿಯಲ್ಲಿ ಮೀನಿನ ಬಜ್ಜಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಆ ಒಂದು ಸಾಲಿನ ಮೇಲೆ ಮುಕ್ಕಾಲು ಗಂಟೆ ಕೂತ. ಹನ್ನೆರಡು ಜನ ಕೂರುವ ದೋಣಿಯನ್ನು ಒಬ್ಬನೇ ಯಾಕೆ ಹಿಡಿಯಬೇಕು? ಬುಕ್ ಮಾಡುವವರು ಕಡಿಮೆ ಮಾಡಿ ಅನ್ನುತ್ತಾರೆ, ಅಲೆ ಜೋರಾ ಅನ್ನುತ್ತಾರೆ, ತಿಮಿಂಗಿಲ ಕಾಣುತ್ತದಾ ಅನ್ನುತ್ತಾರೆ. ಇವನು ಏನನ್ನೂ ಕೇಳಿಲ್ಲವಲ್ಲ?

"ಇವನು ಅತಿಥಿ ಅಲ್ಲ ಕಣೋ," ಅಂದ ನನ್ನ ಕಡೆ ಬಗ್ಗಿ. "ರೆಸಾರ್ಟಿನವರೇ ಬಿಟ್ಟಿರೋ ಆಳು. ನಮ್ಮನ್ನ ಪರೀಕ್ಷೆ ಮಾಡೋಕೆ ಬರ್ತಿದ್ದಾನೆ."

ಒಬ್ಬನೇ ಬರುವವನಿಗೆ ದುಡ್ಡಿರಬಹುದು ಬೇಬೆ, ಅಷ್ಟೇ, ಎಂದೆ. ದುಡ್ಡಿರುವವನೇ ಜಾಸ್ತಿ ಚೌಕಾಶಿ ಮಾಡುವುದು ಎಂದು ನನ್ನ ಬಾಯಿ ಮುಚ್ಚಿಸಿದ. ಆಮೇಲೆ ಆ ಕೊನೆಯ ಎರಡು ಪದ ಅವನ ಕಣ್ಣಿಗೆ ಬಿದ್ದವು. ಮಾಲೆ ಸಮಯ. ಇದನ್ನು ಯಾಕೆ ಒತ್ತಿ ಬರೆದಿದ್ದಾರೆ? ಕೇಳದೇ ಇದ್ದದ್ದನ್ನು ಹೇಳುವವರು ಏನನ್ನೋ ಮುಚ್ಚಿಡುತ್ತಿರುತ್ತಾರೆ. ರೆಸಾರ್ಟಿನ ಗುಮಾಸ್ತ ತನ್ನ ಗೋಡೆಯ ಗಡಿಯಾರ ನೋಡಿ ಐದು ಎಂದು ಬರೆದು, ಮಾಲೆ ಸಮಯ ಎಂದು ಬಾಲ ಅಂಟಿಸಿದ್ದಾನೆ; ಅಲ್ಲಿಯ ಐದು ಅಂದರೆ ಮಾಲೆಯ ನಾಲ್ಕು; ನಾವು ಐದಕ್ಕೆ ಹೋಗಬೇಕು, ಆ ಆಳು ನಾಲ್ಕರಿಂದ ಕಾದಿರಬೇಕು, ಒಪ್ಪಂದ ಹೋಗಬೇಕು, ಇದೇ ಅವರ ಹೂಟ. ನಾಲ್ಕಕ್ಕೇ ಹೋಗುವುದು ಎಂದು ತೀರ್ಮಾನವಾಯಿತು.

"ಬೇಬೆ, ಶಿಯೂನಾಗೆ ಒಂದು ಫೋನ್ ಮಾಡಿ ಕೇಳಿದ್ರೆ ಆಗಲ್ವಾ?"

"ಕೇಳಿದ್ರೆ ನಮಗೆ ಗೊತ್ತಾಗಿದೆ ಅಂತ ಅವಳಿಗೆ ಗೊತ್ತಾಗತ್ತೆ," ಅಂದ.

ಸೋಮವಾರ ನಾಲ್ಕಕ್ಕೆ ಸರಿಯಾಗಿ ನಾವು ನಿಲ್ದಾಣದ ದೋಣಿಕಟ್ಟೆಯಲ್ಲಿದ್ದೆವು. ದೋಣಿಯನ್ನು ಮೂರು ಸಲ ತೊಳೆದಾಗಿತ್ತು. ತಣ್ಣನೆಯ ಒದ್ದೆ ಟವೆಲು, ಎಳನೀರು, ಹೂವಿನ ಹಾರ, ಎಲ್ಲ ಸಿದ್ಧ. ಮೂಸಾ ಪಟ್ಟಿಯ ಅಂಗಿ ತೊಟ್ಟು, ಹಲಗೆ ಹಿಡಿದು, ಬರುವವರನ್ನೆಲ್ಲ ಕಣ್ಣು ಕಿರಿದು ಮಾಡಿ ಜಾಲಾಡುತ್ತಿದ್ದ.

ಕಾಲು ಗಂಟೆಯಾದ ಮೇಲೆ ಬೆಂಚಿನ ಮೇಲೆ ಆವರೆಗೂ ಕೂತಿದ್ದ ಒಬ್ಬ ಮಧ್ಯವಯಸ್ಕ ಎದ್ದು ಬಂದ. ಮಾಸಿದ ಕಂದು ಪೆಟ್ಟಿಗೆ, ಜೇಬಿನಲ್ಲಿ ಪೆನ್ನು, ಕೈಯಲ್ಲಿ ಪುಟ್ಟ ನೋಟುಪುಸ್ತಕ. ಹಲಗೆಯನ್ನು ಅಕ್ಷರ ಅಕ್ಷರವಾಗಿ ಓದಿ, ಫೆಹಿವಿಲುವಿಗೇ ತಾನೇ ಎಂದು ಮೆಲ್ಲಗೆ ಕೇಳಿದ. ಹೌದು ಎಂದೊಡನೆ ನೋಟುಪುಸ್ತಕದಲ್ಲಿ ಏನೋ ಬರೆದುಕೊಂಡ.

ಮೂಸಾ ನನ್ನ ಪಕ್ಕೆಗೆ ತಿವಿದ. ಹೆಸರು ಕೇಳು ಬೇಬೆ ಎಂದು ನಾನು ಪಿಸುಗುಟ್ಟಿದರೆ ಅವನಿಗೆ ಕನಿಕರವೇ ಬಂತು. ಗುಟ್ಟಾಗಿ ಬಂದವನು ನಿಜವಾದ ಹೆಸರು ಹೇಳುತ್ತಾನೆಯೇ? ಕೇಳಿದರೆ ನಾವೇ ಪೆದ್ದರಾಗುತ್ತೇವೆ. ಆ ಪೆಟ್ಟಿಗೆಯನ್ನು ತಾನೇ ಎತ್ತಿಕೊಂಡು ದೋಣಿಗಿಟ್ಟ. ಹತ್ತೊಂಬತ್ತು ವರ್ಷದಲ್ಲಿ ಅವನು ಪೆಟ್ಟಿಗೆ ಎತ್ತಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಹಾರ ಹಾಕಿಸಿಕೊಂಡು ಆ ಮನುಷ್ಯ ಬೆವರಿದ. ಟವೆಲು ಕೊಟ್ಟರೆ ಮಡಿಸಿ ವಾಪಸು ಕೊಟ್ಟ. ಎಳನೀರಿಗೆ ಎಷ್ಟು ಕೊಡಬೇಕು ಎಂದು ಕೇಳಿದ. ನಮ್ಮನ್ನು ಪರೀಕ್ಷಿಸುತ್ತಿದ್ದಾನೆ ಎಂದು ಮೂಸಾ ನನಗೆ ಕಣ್ಣಲ್ಲೇ ಹೇಳಿದ. ದೋಣಿ ಹೊರಟಿತು ನೋಡಿ, ಆಗ ಆ ಮನುಷ್ಯ ಲೈಫ್ ಜಾಕೆಟ್ಟುಗಳನ್ನು ಒಂದೊಂದಾಗಿ ಎಣಿಸತೊಡಗಿದ. ಒಂದನ್ನು ಹಾಕಿಕೊಂಡು, ಇನ್ನೊಂದನ್ನು ತೊಡೆಯ ಮೇಲಿಟ್ಟುಕೊಂಡ. ಇಂಜಿನ್ ಎಷ್ಟು ಹಳೆಯದು, ಕ್ಯಾಪ್ಟನ್ನರು ಎಷ್ಟು ವರ್ಷದಿಂದ ಓಡಿಸುತ್ತಿದ್ದಾರೆ, ಯಾವತ್ತಾದರೂ ಮಗುಚಿದ್ದಿದೆಯೇ ಎಂದು ನನ್ನನ್ನು ಕೇಳಿದ. ಉತ್ತರಗಳನ್ನೆಲ್ಲ ಬರೆದುಕೊಂಡ. ಪ್ರತಿ ಅಲೆಗೂ ಜಾಕೆಟ್ಟಿನ ಪಟ್ಟಿಯನ್ನು ಇನ್ನಷ್ಟು ಬಿಗಿ ಮಾಡಿಕೊಳ್ಳುತ್ತಿದ್ದ. ಅದನ್ನು ಕಂಡದ್ದು ನಾನೊಬ್ಬನೇ. ಮೂಸಾ ಎದೆ ಉಬ್ಬಿಸಿ ಅಲೆಗಳನ್ನು ಒಂದೊಂದಾಗಿ ತಪ್ಪಿಸಿಕೊಂಡು ದೋಣಿ ಓಡಿಸುವುದರಲ್ಲಿ ಮುಳುಗಿದ್ದ. ನಡುವೆ ರೇಡಿಯೋದಲ್ಲಿ ಶಿಯೂನಾಗೆ, ಖಾಸಗಿ ಅತಿಥಿ ಹತ್ತಿದ್ದಾರೆ, ಸ್ವಾಗತ ಚೆನ್ನಾಗಿರಲಿ ಎಂದ. ಇಷ್ಟು ಬೇಗನೇ ಎಂದು ಅವಳು ಕೇಳಿದ್ದಕ್ಕೆ ಒಂದು ಗಂಭೀರ ನಗೆ ನಕ್ಕು ರೇಡಿಯೋ ಆರಿಸಿದ.

ಫೆಹಿವಿಲುವಿನ ಕಟ್ಟೆಯಲ್ಲಿ ಆರು ಜನ ಡೋಲು ಬಡಿಯುತ್ತಿದ್ದರು. ಶಿಯೂನಾ ಕೈ ಮುಂದೆ ಮಾಡಿ ನಿಂತಿದ್ದಳು. ಆ ಮನುಷ್ಯ ಎರಡು ಜಾಕೆಟ್ಟುಗಳ ಸಮೇತ ಇಳಿದು, ಕುಲುಕಲು ಬಂದ ಅವಳ ಕೈಗೆ ಜೇಬಿನಿಂದ ಒಂದು ಪತ್ರ ತೆಗೆದು ಕೊಟ್ಟ. ಅವಳು ಓದಿದಳು. ಡೋಲಿನವರಿಗೆ ಸಾಕು ಎಂದು ಕೈ ಮಾಡಿದಳು.

"ಕ್ಯಾಪ್ಟನ್, ಇವರು ಜಿನದಾಸ. ಶ್ರೀಲಂಕಾದಿಂದ ನಮ್ಮ ಬೇಕರಿಗೆ ಹೊಸದಾಗಿ ಸೇರಿರೋರು. ಮಾಲೆ ಸಮಯ ಆರಕ್ಕೆ ಹೊರಡೋ ಕೆಲಸಗಾರರ ದೋಣಿಗೆ ಬರಬೇಕಿತ್ತು."

ಮೂಸಾ ಕೆಳಗಿನ ಗಡಿಯಾರ ನೋಡಿದ, ಮೇಲಿನದನ್ನೂ ನೋಡಿದ. ಕೆಳಗೆ ಆರಕ್ಕೆ ಐದು ನಿಮಿಷ, ಮೇಲೆ ಐದಕ್ಕೆ ಐದು ನಿಮಿಷ.

"ಹಾಗಾದ್ರೆ ಅತಿಥಿ ಎಲ್ಲಿ?" ಅಂದಳು ಅವಳು. ದನಿ ಏರಲಿಲ್ಲ, ಅದೇ ಹೆದರಿಕೆ ಹುಟ್ಟಿಸುವಂತಿತ್ತು. "ಮಾಲೆ ಸಮಯ ಅಂತ ನಾನೇ ಸೇರಿಸಿ ಬರೆದಿದ್ದೆ. ನಿಮಗೆ ಗೊಂದಲ ಆಗಬಾರದು ಅಂತ."

ಪಾಪ ಜಿನದಾಸ, ಹಾರ ಬಿಚ್ಚಿ ಯಾರಿಗೆ ಕೊಡಬೇಕೆಂದು ತಿಳಿಯದೆ ನನ್ನ ಕೊರಳಿಗೆ ಹಾಕಿದ. ಈಜು ಬರುವುದಿಲ್ಲವಂತೆ, ದೋಣಿ ಹತ್ತಿದ್ದೂ ಇದೇ ಮೊದಲಂತೆ. ದಾರಿಯಲ್ಲಿ ಕಂಡದ್ದನ್ನೆಲ್ಲ ಬರೆದು ಕಳಿಸಬೇಕೆಂದು ಹೆಂಡತಿ ಹೇಳಿದ್ದಳಂತೆ. ಶಿಯೂನಾ ಮೂಸಾನಿಗೆ ಇನ್ನು ಒಂದೇ ಮಾತು ಹೇಳಿದಳು: ಒಪ್ಪಂದದ ಕಾಗದ ಅವಳ ಮೇಜಿನ ಮೇಲಿದೆ, ಆ ಅತಿಥಿ ಇಲ್ಲಿಗೆ ಬಂದು ಏನು ಹೇಳುತ್ತಾರೋ ಅದನ್ನು ಕೇಳಿ ಆ ಕಾಗದವನ್ನೇನು ಮಾಡಬೇಕೆಂದು ನೋಡುತ್ತಾಳೆ.

ವಾಪಸು ಬರುವಾಗ ಮೂಸಾ ಯಾವ ಅಲೆಯನ್ನೂ ತಪ್ಪಿಸಲಿಲ್ಲ. ಅತಿಥಿಯನ್ನು ಒಪ್ಪಂದದ ಮೇಲೆ ಕಣ್ಣಿಟ್ಟಿರುವ ಆ ಕಂಪನಿಯವರು ಇಷ್ಟು ಹೊತ್ತಿಗೆ ಎತ್ತಿಕೊಂಡು ಹೋಗಿರುತ್ತಾರೆ, ಜಿನದಾಸನನ್ನು ಬೆಂಚಿನ ಮೇಲೆ ಕೂರಿಸಿದವರೂ ಅವರೇ ಎಂದು ಇಡೀ ದಾರಿ ಹೇಳುತ್ತಾ ಬಂದ. ನಾನು ಎರಡೂ ಕೈಯಲ್ಲಿ ಕಂಬಿ ಹಿಡಿದುಕೊಂಡೆ. ಹಲ್ಲು ಕಚ್ಚಿಕೊಳ್ಳದಿದ್ದರೆ ನಾಲಿಗೆ ಕತ್ತರಿಸಿ ಹೋಗುವಂಥ ಓಟ.

ಐದೂ ಮೂವತ್ತೈದಕ್ಕೆ ಮುಟ್ಟಿದೆವು. ಹೋಲ್ಟ್ಸರ್ ಅಲ್ಲೇ ಇದ್ದರು. ಎತ್ತರದ, ಸಣಕಲು ಜರ್ಮನ್ ಮುದುಕರು; ಎರಡು ಪೆಟ್ಟಿಗೆಗಳ ಹಿಡಿಗೆ ಸರಪಳಿ ಹಾಕಿ, ಅದರ ಇನ್ನೊಂದು ತುದಿಯನ್ನು ತಮ್ಮ ಬೆಲ್ಟಿಗೆ ಕಟ್ಟಿಕೊಂಡು ನಿಂತಿದ್ದರು. ಮೂರು ದೋಣಿಯವರು ಬನ್ನಿ ಬನ್ನಿ ಎಂದು ಕರೆದಿದ್ದರಂತೆ. ಒಬ್ಬರ ಜೊತೆಗೂ ಹೋಗಿರಲಿಲ್ಲ. ಶಿಯೂನಾ ನಾಲ್ಕು ಸಲ ಫೋನ್ ಮಾಡಿದ್ದಳಂತೆ. ಗುರುತಿಲ್ಲದ ನಂಬರು ಎಂದು ಎತ್ತಿರಲಿಲ್ಲ.

ಮೂಸಾ ಏದುಸಿರು ಬಿಡುತ್ತಾ ಹಲಗೆ ಹಿಡಿದ. ಅವರು ಹಲಗೆ ನೋಡಿ, ಇದರಲ್ಲಿ ನನ್ನ ಹೆಸರು ಎಲ್ಲಿದೆ ಎಂದರು. ಮೂಸಾ ಒಳಜೇಬಿನಿಂದ ಕಾಗದ ತೆಗೆದು, ಮಡಿಕೆ ಬಿಡಿಸಿ ತೋರಿಸಿದ. ಬೆವರಿಗೆ ಶಾಯಿ ಹರಡಿ, ಹೆಸರಿನಲ್ಲಿ ಉಳಿದದ್ದು ಒಂದೂವರೆ ಅಕ್ಷರ. ನಿಮ್ಮ ಹೆಸರು ಹೋಲ್ಟ್ಸರ್ ಎಂದು ಬಾಯಲ್ಲಿ ಹೇಳಿದ. ಪೆಟ್ಟಿಗೆಯ ಚೀಟಿಯ ಮೇಲೆ ಬರೆದಿದೆ, ಯಾರು ಬೇಕಾದರೂ ಓದಬಹುದು ಎಂದರು ಅವರು. ಮೂವತ್ತೈದು ನಿಮಿಷ ತಡ ಯಾಕೆ ಎಂದು ಕೇಳಿದರು. ಮೂಸಾ ವಿವರಿಸಲು ಎಡಗೈ ಎತ್ತಿದ. ಎರಡು ಗಡಿಯಾರ ಕಂಡದ್ದೇ ಅವರು ಸರಪಳಿಯನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡರು.

ನಾನು ಶಿಯೂನಾಗೆ ಫೋನ್ ಹಚ್ಚಿ ಅವರ ಕಿವಿಗೆ ಹಿಡಿದೆ. ಪೂರ್ತಿ ಕೇಳಿಸಿಕೊಂಡು, ಇವಳು ನಿಮ್ಮ ಹೆಂಡತಿಯಲ್ಲ ಎಂದು ನಾನು ಹೇಗೆ ನಂಬಲಿ ಎಂದು ವಾಪಸು ಕೊಟ್ಟರು.

ಅಲ್ಲಿಗೆ ಒಪ್ಪಂದ ಮುಗಿಯಿತು ಎಂದುಕೊಂಡೆ. ಅಕ್ಕನಿಗೆ ಏನು ಹೇಳುವುದು ಎಂದು ಯೋಚಿಸುತ್ತಿದ್ದಾಗ ಮೂಸಾನ ಕಣ್ಣು ಕಿರಿದಾದದ್ದು ಕಂಡಿತು. ಮನುಷ್ಯ ಕುಗ್ಗಿಹೋಗಬೇಕಾದ ಹೊತ್ತಿನಲ್ಲಿ ಅವನು ಹೆಗಲ ಪಟ್ಟಿಗಳನ್ನು ಸರಿಮಾಡಿಕೊಂಡ.

"ಅದಿರಲಿ ಸಾಹೇಬರೇ," ಅಂದ. "ನೀವೇ ಹೋಲ್ಟ್ಸರ್ ಅಂತ ನನಗೇನು ಗ್ಯಾರಂಟಿ? ಇವತ್ತು ಒಬ್ಬನನ್ನ ಹೀಗೇ ನಂಬಿ ಕೆಟ್ಟಿದೀನಿ. ಪಾಸ್‌ಪೋರ್ಟ್ ತೆಗೀರಿ. ಪಾಸ್‌ಪೋರ್ಟ್ ನೋಡದೆ ನನ್ನ ದೋಣಿಗೆ ಯಾರನ್ನೂ ಹತ್ತಿಸಲ್ಲ."

ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಹೋಲ್ಟ್ಸರರ ಮುಖದಲ್ಲಿ ಅದುವರೆಗೆ ಇಲ್ಲದ ಒಂದು ಸಂತೋಷ ಕಾಣಿಸಿತು. ದೂರದೂರಿನಲ್ಲಿ ನೆಂಟರು ಸಿಕ್ಕಾಗ ಆಗುವಂಥದ್ದು. ಸರಪಳಿ ಬಿಚ್ಚಿ ಪಾಸ್‌ಪೋರ್ಟ್ ಕೊಟ್ಟರು. ಮೂಸಾ ಫೋಟೋ ನೋಡಿದ, ಮುಖ ನೋಡಿದ, ಮತ್ತೆ ಫೋಟೋ ನೋಡಿದ, ಕನ್ನಡಕ ತೆಗೆಯಿರಿ ಎಂದ. ಅವರು ತೆಗೆದರು.

"ಮೋಸ ಮಾಡೋನು ಯಾವತ್ತೂ ದಾಖಲೆ ಕೇಳಲ್ಲ," ಎಂದರು ನನ್ನ ಕಡೆ ತಿರುಗಿ. "ಮೂವತ್ತೊಂದು ವರ್ಷ ಕಸ್ಟಮ್ಸಿನಲ್ಲಿದ್ದೆ. ನಿಮ್ಮ ಕ್ಯಾಪ್ಟನ್ ಕೆಲಸ ಬಲ್ಲವರು."

ದಾರಿಯುದ್ದಕ್ಕೂ ಇಬ್ಬರೂ ಒಬ್ಬರನ್ನೊಬ್ಬರು ಗಮನಿಸುತ್ತಾ, ಬಹಳ ಸುಖವಾಗಿ ಕೂತಿದ್ದರು. ಪೆಟ್ಟಿಗೆ ಎತ್ತಿ ಇಳಿಸಿದ್ದು ನಾನು.

ಅವರು ಶಿಯೂನಾಗೆ ಏನು ಹೇಳಿದರೋ, ಮೂರನೆಯ ದಿನ ಒಪ್ಪಂದದ ಕಾಗದ ಬಂತು. ಇನ್ನೊಂದು ವರ್ಷ. ಒಂದೇ ಹೊಸ ಷರತ್ತು: ಹಲಗೆಯ ಮೇಲೆ ಅತಿಥಿಯ ಹೆಸರು ದೊಡ್ಡದಾಗಿ ಬರೆದಿರಬೇಕು. ಮೂಸಾ ಕಾಗದವನ್ನು ಬಿಸಿಲಿಗೆ ಹಿಡಿದು ನೋಡಿದ. ಇಷ್ಟು ಸುಲಭವಾಗಿ ಯಾಕೆ ಕೊಟ್ಟರು ಎಂದು ಎರಡು ದಿನ ಊಟ ಸೇರಲಿಲ್ಲ. ಜುಬೈದಾ ಅಕ್ಕ ಪೆನ್ನು ತಂದು ಅವನ ಕೈಗೆ ತುರುಕಿದ ಮೇಲೆ ರುಜು ಹಾಕಿದ. ಈಗ ಹೆಸರು ದೊಡ್ಡದಾಗಿಯೇ ಬರೆಯುತ್ತಾನೆ. ಹಲಗೆಯನ್ನು ಮಾತ್ರ ಎದೆಗೆ ಕವುಚಿ ಹಿಡಿದು ನಿಂತಿರುತ್ತಾನೆ. ಬರುವವನ ಮುಖ ನೋಡಿ ತೃಪ್ತಿಯಾದರಷ್ಟೇ ತಿರುಗಿಸುತ್ತಾನೆ.

ಕಳೆದ ವಾರ ಫೆಹಿವಿಲುವಿನ ಕಟ್ಟೆಗೆ ಜಿನದಾಸ ಬಂದು ಒಂದು ಪೊಟ್ಟಣ ಕೊಟ್ಟು ಹೋದ. ಬಿಸಿ ಬನ್ನು, ಒಳಗೆ ತೆಂಗಿನತುರಿ ಮತ್ತು ಬೆಲ್ಲ. ತನ್ನನ್ನು ಆ ದಿನ ಅಷ್ಟು ಮರ್ಯಾದೆಯಿಂದ ಕರೆದುಕೊಂಡು ಬಂದದ್ದಕ್ಕಂತೆ.

"ಇದನ್ನ ಯಾಕೆ ಕೊಟ್ಟ ಇವನು?" ಅಂದ ಮೂಸಾ.

ಆಮೇಲೆ ಒಂದನ್ನು ನನ್ನ ಕೈಗಿಟ್ಟ. ನಾನು ತಿಂದು ಮುಗಿಸುವವರೆಗೆ, ಮುಗಿಸಿದ ಮೇಲೂ ಹತ್ತು ನಿಮಿಷ, ನನ್ನ ಮುಖವನ್ನೂ ಎರಡೂ ಗಡಿಯಾರಗಳನ್ನೂ ನೋಡುತ್ತಾ ಕೂತ. ಆಮೇಲೆ ತಾನು ನಾಲ್ಕು ತಿಂದ.