ಅರ ಹಾಕಬಾರದ ಹಲ್ಲು

ಸ್ರ್ರೀಕ್... ಸ್ರ್ರೀಕ್... ಸ್ರ್ರೀಕ್...

ಬೇರೆಯವರ ಮನೆಯಲ್ಲಿ ಬೆಳಗಾದರೆ ರೇಡಿಯೋ. ಸತ್ಯನಾರಾಯಣಪೇಟೆಯ ನಮ್ಮ ಮನೆಯಲ್ಲಿ ಅರದ ಸದ್ದು. ಎಂಬತ್ತರ ದಶಕದ ಮೊದಮೊದಲ ವರ್ಷಗಳು. ನನ್ನ ಮೈದುನ ವೀರೇಶ ಕಟ್ಟೆಯ ಮೇಲೆ ಕೂತು, ದುಂಡನೆಯ ಅರ ಹಿಡಿದು, ಮರ ಕೊಯ್ಯುವ ತನ್ನ ಮಷೀನಿನ, ಅಂದರೆ ಚೈನ್‌ಸಾದ, ಹಲ್ಲು ಮಸೆಯುತ್ತಿದ್ದ.

ಇಷ್ಟು ವರ್ಷಗಳಾದ ಮೇಲೂ, ಕಳೆದ ವಾರ ನಮ್ಮ ಬೀದಿಯ ಬೇವಿನ ಕೊಂಬೆ ಕಡಿಯಲು ಇಬ್ಬರು ಬಂದಿದ್ದರು. ಮಷೀನ್ ಶುರುವಾದದ್ದೇ ತಡ, ನಾನು ಗೇಟಿಗೆ ಓಡಿ "ಚೈನ್ ಸರಿ ಐತೇನಪ್ಪಾ?" ಎಂದು ಕೇಳಿದೆ. ಅವರು ನಕ್ಕರು. ನಗಲಿ. ನನ್ನ ಎದೆಬಡಿತ ಅವರಿಗೇನು ಗೊತ್ತು?

ಆ ಕಾಲಕ್ಕೆ ವೀರೇಶ ಮದ್ರಾಸಿನಿಂದ ಸೆಕೆಂಡ್‌ಹ್ಯಾಂಡ್ ಮಷೀನ್ ತಂದು, ಸಿರುಗುಪ್ಪದ ಕಾಲುವೆ ದಂಡೆಯ ಜಾಲಿ ಕಡಿಯುವ ಕಾಂಟ್ರ್ಯಾಕ್ಟ್ ಹಿಡಿದಿದ್ದ. ಜೊತೆಗೊಂದು ಇಂಗ್ಲಿಷ್ ಮ್ಯಾನ್ಯುಯಲ್. ಓದುವವರು ಯಾರು? ಕಾನ್ವೆಂಟಿನಲ್ಲಿ ಕಲಿತ ಸೊಸೆ ನಾನಿದ್ದೆನಲ್ಲ! (ಗಟ್ಟಿಯಾಗಿ, ಸ್ಪಷ್ಟವಾಗಿ ಓದಲು ಸಿಸ್ಟರ್‌ಗಳು ಕಲಿಸಿದ ಎಲಾಕ್ಯೂಷನ್ ಕೊನೆಗೆ ಉಪಯೋಗಕ್ಕೆ ಬಂದದ್ದು ಇದಕ್ಕೆ.)

ಮ್ಯಾನ್ಯುಯಲ್ ಪ್ರಕಾರ ಅರ ಹಿಡಿಯುವ ಓರೆ ಸುಮಾರು ಮೂವತ್ತು ಡಿಗ್ರಿ ಇರಬೇಕು. ಓರೆ ಹೆಚ್ಚಾದರೆ ಹಲ್ಲು ಸರಸರ ಕೊಯ್ಯುತ್ತದೆ, ಆದರೆ ಬೇಗ ಮೊಂಡಾಗುತ್ತದೆ. ಒಣಗಿದ ಗಟ್ಟಿ ಕಟ್ಟಿಗೆಗೆ ಓರೆ ಸ್ವಲ್ಪ ಕಡಿಮೆಯೇ ಒಳ್ಳೆಯದು. ಒಂದು ಹಲ್ಲು ಎಡಕ್ಕೆ, ಮುಂದಿನದು ಬಲಕ್ಕೆ. ಎರಡೂ ಕಡೆ ಸಮನಾಗಿ ಮಸೆಯಬೇಕು. ವೀರೇಶನ ಬಲಗೈಗೆ ಒಂದೇ ಕಡೆ ಅನುಕೂಲ. ಇನ್ನೊಂದು ಕಡೆ ಕಾಟಾಚಾರ. ಗರಗಸ ಮರದೊಳಗೆ ಹೋಗುತ್ತಲೇ ಪಕ್ಕಕ್ಕೆ ವಾಲುತ್ತಿತ್ತು.

"ಜಾಲಿನೇ ಸೊಟ್ಟ ಐತ್ರಿ ಅತ್ತಿಗೆಮ್ಮ. ನನ್ನ ಮಷೀನ್ ಏನ್ ಮಾಡ್ತೈತಿ?"

ಇಷ್ಟಕ್ಕೇ ನಿಂತಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ.

ಆಯುಧಪೂಜೆ ಬಂತು. ಮೊಂಡ ಆಯುಧವನ್ನು ದೇವರ ಮುಂದೆ ಇಡಬಾರದೆಂಬುದು ನಮ್ಮ ಅತ್ತೆಯ ಕಾನೂನು. ಈಳಿಗೆ, ಕುಡಗೋಲು, ಕೊಡಲಿ ಎಲ್ಲಕ್ಕೂ ಸಾಣೆ. ಚೈನಿನ ಪ್ರತಿ ಹಲ್ಲಿನ ಮುಂದೆ ಒಂದು ಸಣ್ಣ ಉಬ್ಬು ಇರುತ್ತದೆ. ಅದು ಕೊಯ್ಯುವುದಿಲ್ಲ, ಹಲ್ಲು ಮಿತಿಮೀರಿ ಆಳಕ್ಕೆ ಕಚ್ಚದಂತೆ ತಡೆಯುತ್ತದೆ. ವೀರೇಶ ಆ ಉಬ್ಬುಗಳನ್ನೂ ತಿಕ್ಕಿ ತಿಕ್ಕಿ ಚೂಪು ಮಾಡಿಬಿಟ್ಟಿದ್ದ!

"ಅಯ್ಯೋ, ಇದನ್ಯಾಕ ಮುಟ್ಟಿದಿ? ಇದು ಬ್ರೇಕ್ ಇದ್ದಂಗ. ಮಷೀನ್ ಜಿಗಿದು ಮೈಮ್ಯಾಲ ಬರ್ತೈತಿ. ಕೈ ಹೋಗ್ತಾವು!"

"ಮೊಂಡ ಹಲ್ಲು ಪೂಜಿಗೆ ಇಡಬಾರ್ದು ಅಂತ ಅವ್ವ ಹೇಳ್ಯಾಳ್ರಿ."

ಕುಂಕುಮದ ಬಟ್ಟಲು ಹಿಡಿದು ನಿಂತಿದ್ದ ಅತ್ತೆ ನನ್ನನ್ನೇ ಗದರಿದರು: "ಹಬ್ಬದ ದಿನ ಎಂಥಾ ಮಾತವಾ ಇದು? ಬಿಡ್ತು ಅನ್ನು."

ಬಿಡ್ತು ಅಂದೆ. ಭಯ ಎಲ್ಲಿ ಬಿಟ್ಟಿತು?

ಹಬ್ಬ ಮುಗಿಯುತ್ತಲೇ ಕುರುಗೋಡಿನಲ್ಲಿ ಕೆಲಸ. ಒಂದು ಮಾಳಿಗೆ ಮನೆಯ ಮೇಲೆ ವಾಲಿದ್ದ ಹುಣಸೆಮರ. ಪೆಟ್ಟಿಗೆಯಲ್ಲಿದ್ದ ಹೊಸ ಸ್ಪೇರ್ ಚೈನ್ ಹಾಕಿಕೊಂಡು ಹೋಗಪ್ಪಾ ಎಂದು ಬೇಡಿಕೊಂಡೆ.

"ಪೂಜಿ ಮಾಡಿದ್ದು ಬಿಟ್ಟು ಪೂಜಿ ಇಲ್ಲದ್ದು ಹಾಕ್ಲೇನ್ರಿ?" ನಗುತ್ತಾ ಹೊರಟೇಬಿಟ್ಟ.

ಎಷ್ಟು ಹೊತ್ತು ಸುಮ್ಮನಿರಲಿ? ಸಾರು ಇಳಿಸಿದೆ. ಸ್ಪೇರ್ ಚೈನನ್ನು ಪೇಪರಿನಲ್ಲಿ ಸುತ್ತಿ ವ್ಯಾನಿಟಿ ಬ್ಯಾಗಿಗೆ ತುರುಕಿ ಬಸ್ ಹತ್ತಿದೆ. ಆ ಬಸ್ಸೋ, ಕೈ ತೋರಿಸಿದಲ್ಲೆಲ್ಲ ನಿಲ್ಲುತ್ತಿತ್ತು. ಕುರುಗೋಡಿನಲ್ಲಿ ಇಳಿಯುವಾಗ ದೂರದಲ್ಲಿ ಮಷೀನಿನ ಸದ್ದು. ಅಬ್ಬಾ, ಜೀವ ಬಂತು.

ಥಟ್ಟನೆ ಸದ್ದು ನಿಂತಿತು.

ಓಡಿದೆ. (ಹಬ್ಬದ ಹೊಸ ಸೀರೆಯಲ್ಲಿ!) ಮಷೀನ್ ನೆಲದ ಮೇಲೆ ಬಿದ್ದಿತ್ತು. ವೀರೇಶ ಗೋಡೆಗೆ ಒರಗಿ ಕೂತಿದ್ದ, ಮುಖ ಬಿಳಿಚಿಕೊಂಡಿತ್ತು. ಮನೆಯೊಡತಿ ಅಜ್ಜಿ ಅವನಿಗೆ ನೀರು ಕುಡಿಸುತ್ತಿದ್ದಳು.

"ಕುದುರಿ ಒದ್ದಂಗ ಒದೀತವಾ ಮಷೀನು! ಎಡಗೈ ಜಾರಿಬಿಡ್ತು. ಶಿವಾ ಅಂತ ಉಳಕಂಡ," ಎಂದಳು ಅಜ್ಜಿ.

"ಕೈ ತೋರ್ಸು," ಎಂದೆ. ತೋರಿಸಿದ. ಅಂಗಿಯ ತೋಳು ಸೀಳಿತ್ತು. ಅಷ್ಟೇ.

ಬ್ಯಾಗಿನಿಂದ ಚೈನ್ ತೆಗೆದುಕೊಟ್ಟೆ. "ಇದಕ್ಕ ಪೂಜಿ ಆಗಿಲ್ರಿ," ಎಂದ. ಅಜ್ಜಿ ಒಳಗೆ ಹೋಗಿ ವಿಭೂತಿ ತಂದು ಚೈನಿಗೆ ಬಳಿದಳು. "ಆತಲ್ಲ? ಈಗರ ಹಾಕ್ಕೋ. ನನ್ನ ಮಾಳಿಗಿ ಮ್ಯಾಲ ಕೆಡವಿದಿ ಅಂದ್ರ ನಿನಗೂ ಇದ ಬಳೀತೀನಿ ನೋಡು!"

ಹಾಕಿಕೊಂಡ. ಮರ ಬಯಲಿನ ಕಡೆಗೇ ಬಿತ್ತು.

ನಾವೆಲ್ಲ ಹೀಗೆಯೇ ಅಲ್ಲವೇ? ತಡೆಯುವುದೆಲ್ಲ ಮೊಂಡಾಗಿ ಕಾಣುತ್ತದೆ. ಮನೆಯಲ್ಲಿ "ನಿಧಾನ, ನಿಧಾನ" ಎನ್ನುವವರನ್ನೇ ನೋಡಿ.

ವೀರೇಶ ಈಗಿಲ್ಲ. ವಯಸ್ಸಾಗಿ, ಹಾಸಿಗೆಯಲ್ಲೇ ಹೋದ. ನಾನು ಅವನನ್ನು ಕೊನೆಯ ಬಾರಿ ನೋಡಿದ್ದು ಹಲಕುಂದಿ ಮಠದಲ್ಲಿ, ಪ್ರಸಾದದ ಪಂಕ್ತಿಯಲ್ಲಿ. "ಶರಣ್ರಿ ಅತ್ತಿಗೆಮ್ಮ," ಎಂದು ಕೈ ಮುಗಿದ. ನನ್ನ ಕಣ್ಣು ಎಲ್ಲಿ ಹೋಯಿತೆಂದು ಗೊತ್ತಾಗಿರಬೇಕು. ಬೆರಳುಗಳನ್ನು ಅಗಲಿಸಿ, ಬೊಚ್ಚು ಬಾಯಿಯಲ್ಲಿ ನಕ್ಕ.

"ಎಲ್ಲಾ ಅದಾವ್ರಿ. ಬೇಕಾದ್ರ ಎಣಿಸ್ಕೊಳ್ರಿ."

ಎಣಿಸಿದೆ. ನೀವಾಗಿದ್ದರೆ ಎಣಿಸುತ್ತಿರಲಿಲ್ಲವೇ?